ಪೋಸ್ಟ್‌ಪೇಯ್ಡ್ ಎಂಬ ಉದ್ರಿ ಖಾತೆ: ಪ್ಲಾನ್ ಆರಿಸುವುದರಿಂದ ಬಿಟ್ಟು ಹೋಗುವವರೆಗೆ ಗೊತ್ತಿರಬೇಕಾದ್ದು

ಊರಿನ ಕಿರಾಣಿ ಅಂಗಡಿಗಳಲ್ಲಿ ಒಂದು ಬೋರ್ಡ್ ಇರ್ತಿತ್ತು: ‘ಇಂದು ನಗದು, ನಾಳೆ ಉದ್ರಿ’. ಉದ್ರಿ ಕೊಡುವುದು ಅಂಗಡಿಯವನಿಗೆ ಇಷ್ಟವಿಲ್ಲದ ಕೆಲಸ, ಯಾಕಂದ್ರೆ ರಿಸ್ಕ್ ಅವನದ್ದು. ಮೊಬೈಲ್ ಕಂಪನಿಗಳದ್ದು ಇದಕ್ಕೆ ಪೂರ್ತಿ ಉಲ್ಟಾ. ಅವು ಉದ್ರಿ ತಗೊಳ್ಳಿ ಅಂತ ವಾರಕ್ಕೆ ಮೂರು ಸಲ ಫೋನ್ ಮಾಡ್ತವೆ. ‘ಸರ್, ನಿಮ್ಮ ನಂಬರ್ ಪೋಸ್ಟ್‌ಪೇಯ್ಡ್‌ಗೆ ಎಲಿಜಿಬಲ್ ಆಗಿದೆ’ ಎಂಬ ಕರೆ ಬರದ ಬೆಂಗಳೂರಿನ ನೌಕರಸ್ಥರು ಅಪರೂಪ. ಸಾಲ ಕೊಡುವವನೇ ಇಷ್ಟು ಉತ್ಸಾಹದಲ್ಲಿದ್ದಾನೆ ಅಂದ್ರೆ ಲೆಕ್ಕ ಅವನ ಕಡೆಗಿದೆ ಅಂತಲೇ ಅರ್ಥ. ಆ ಲೆಕ್ಕವನ್ನು ಬಿಡಿಸಿ ನೋಡುವುದು ಈ ಲೇಖನದ ಕೆಲಸ.

ಭಾರತದ ಮೊಬೈಲ್ ಗ್ರಾಹಕರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಪ್ರಿಪೇಯ್ಡ್‌ನವರು. ಶುರುವಿನಲ್ಲಿ ಹೀಗಿರಲಿಲ್ಲ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತಾದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದಾಗ, ಮೊಬೈಲ್ ಎಂದರೆ ಬಿಲ್ ಕಟ್ಟಬಲ್ಲವರ ವಸ್ತು. ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಕರ್ನಾಟಕದಲ್ಲಿ ಆಗ ಸ್ಪೈಸ್ ಮತ್ತು ಜೆಟಿಎಂ ಎಂಬ ಎರಡು ಕಂಪನಿಗಳಿದ್ದವು. ಜೆಟಿಎಂ 1999ರಲ್ಲಿ ಭಾರ್ತಿಯ ಕೈಸೇರಿ ಏರ್‌ಟೆಲ್ ಆಯ್ತು, ಸ್ಪೈಸ್ 2008ರಲ್ಲಿ ಐಡಿಯಾಗೆ ಹೋಯ್ತು. 2003ರ ಮೇ 1ರಿಂದ ಒಳಬರುವ ಕರೆ ಉಚಿತವಾದ ಮೇಲೆ ಆಟ ಬದಲಾಯಿತು. ಹತ್ತು ರೂಪಾಯಿ ಕರೆನ್ಸಿ ಹಾಕಿಸಿಕೊಂಡು, ಮಿಸ್ಡ್ ಕಾಲ್ ಕೊಟ್ಟುಕೊಂಡು ತಿಂಗಳುಗಟ್ಟಲೆ ನಂಬರ್ ಉಳಿಸಿಕೊಳ್ಳಬಹುದು ಅಂತಾದಾಗ ಬಿಲ್ ಕಟ್ಟುವವರು ಸಣ್ಣ ಗುಂಪಾಗಿ ಉಳಿದರು. ಈಗ ಕಂಪನಿಗಳು ಆ ಗುಂಪನ್ನು ದೊಡ್ಡದು ಮಾಡಲು ಹೊರಟಿವೆ.

ಕಾರಣ ಸರಳ. ಒಬ್ಬ ಗ್ರಾಹಕನಿಂದ ತಿಂಗಳಿಗೆ ಸರಾಸರಿ ಎಷ್ಟು ಆದಾಯ ಎಂಬ ಲೆಕ್ಕವೊಂದಿದೆ, ಷೇರುಪೇಟೆಯವರು ಅದನ್ನು ‘ಆರ್ಪು’ ಅಂತಾರೆ. 2024ರ ಡಿಸೆಂಬರ್ ತ್ರೈಮಾಸಿಕದಲ್ಲಿ ಏರ್‌ಟೆಲ್‌ಗೆ ಇದು 245 ರೂಪಾಯಿ ಇತ್ತು. ಅದೇ ಕಂಪನಿಯ ಅತಿ ಕಡಿಮೆಯ ಪೋಸ್ಟ್‌ಪೇಯ್ಡ್ ಪ್ಲಾನ್ ಆಗ 449 ರೂಪಾಯಿ. ಒಬ್ಬ ಗ್ರಾಹಕ ಈ ಕಡೆಯಿಂದ ಆ ಕಡೆಗೆ ದಾಟಿದರೆ ಸರಾಸರಿ ಆದಾಯ ಹೆಚ್ಚುಕಮ್ಮಿ ದುಪ್ಪಟ್ಟು. ಜೊತೆಗೆ ಪೋಸ್ಟ್‌ಪೇಯ್ಡ್ ಗ್ರಾಹಕ ಸುಲಭಕ್ಕೆ ಬಿಟ್ಟು ಹೋಗಲ್ಲ. ಆಟೋಪೇ ಹಾಕಿರ್ತಾನೆ, ಹೆಂಡತಿ ನಂಬರ್ ಆ್ಯಡ್ ಮಾಡಿರ್ತಾನೆ, ಬಿಲ್ ನೋಡುವುದನ್ನು ಮೂರನೇ ತಿಂಗಳಿಗೇ ನಿಲ್ಲಿಸಿರ್ತಾನೆ.

ಲೆಕ್ಕ ಹಾಕೋಣ

ನಾನು ಇಂಜಿನಿಯರಿಂಗ್ ಓದಿದವನು, ಕ್ಯಾಲ್ಕುಲೇಟರ್ ತೆಗೆಯದೆ ಯಾವ ಆಫರ್ ಅನ್ನೂ ನಂಬಲ್ಲ. 2024ರ ಜುಲೈ ಮೊದಲ ವಾರದಲ್ಲಿ ಜಿಯೋ, ಏರ್‌ಟೆಲ್, ವಿಐ ಮೂರೂ ಒಂದೆರಡು ದಿನಗಳ ಅಂತರದಲ್ಲಿ ದರ ಏರಿಸಿದವು. ಆಗಿನ ದರಪಟ್ಟಿಯನ್ನೇ ಇಟ್ಟುಕೊಂಡು ನೋಡೋಣ. ದರ ಮುಂದೆಯೂ ಬದಲಾಗುತ್ತೆ, ಲೆಕ್ಕದ ವಿಧಾನ ಬದಲಾಗಲ್ಲ.

ಏರ್‌ಟೆಲ್‌ನ 449ರ ಪೋಸ್ಟ್‌ಪೇಯ್ಡ್ ಪ್ಲಾನ್ ತಗೊಳ್ಳಿ. ಜಾಹೀರಾತಿನಲ್ಲಿ ಕಾಣುವ ಪೋಸ್ಟ್‌ಪೇಯ್ಡ್ ದರದಲ್ಲಿ ಜಿಎಸ್‌ಟಿ ಸೇರಿರುವುದಿಲ್ಲ. ಪ್ರಿಪೇಯ್ಡ್ ದರದಲ್ಲಿ ಸೇರಿರುತ್ತೆ. ಇದೊಂದನ್ನು ಗಮನಿಸದೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವವರೇ ಹೆಚ್ಚು. 449ಕ್ಕೆ ಶೇ. 18 ತೆರಿಗೆ ಸೇರಿದರೆ 529.82 ರೂ. ವರ್ಷಕ್ಕೆ ಸುಮಾರು 6,358 ರೂ. ಘೋಷಣೆಯ ವೇಳೆ ಇದರಲ್ಲಿ ಸಿಗುತ್ತಿದ್ದುದು ತಿಂಗಳಿಗೆ 40 ಜಿಬಿ ಡೇಟಾ, ಅನ್‌ಲಿಮಿಟೆಡ್ ಕರೆ, ದಿನಕ್ಕೆ 100 ಎಸ್‌ಎಂಎಸ್.

ಅದೇ ಕಂಪನಿಯ ಪ್ರಿಪೇಯ್ಡ್‌ನಲ್ಲಿ ದಿನಕ್ಕೆ 1.5 ಜಿಬಿ ಕೊಡುವ 28 ದಿನಗಳ ಪ್ಯಾಕ್ 349 ರೂ. ಡೇಟಾ ಒಟ್ಟು 42 ಜಿಬಿ, ಅಂದ್ರೆ ಹತ್ತಿರಹತ್ತಿರ ಅಷ್ಟೇ. ವರ್ಷಕ್ಕೆ 13 ಸಲ ಹಾಕಿಸಿದರೆ 4,537 ರೂ. ಅದನ್ನೇ 84 ದಿನಗಳ 859 ರೂಪಾಯಿ ಪ್ಯಾಕ್‌ನಲ್ಲಿ ನಾಲ್ಕು ಸಲ ಹಾಕಿಸಿ, ಕೊನೆಗೊಂದು 28 ದಿನದ್ದು ಸೇರಿಸಿದರೆ 3,785 ರೂ. ಎರಡೂ ದಾರಿಯಲ್ಲಿ 364 ದಿನ.

ಒಬ್ಬ ವ್ಯಕ್ತಿ, ಒಂದು ನಂಬರ್, ಹೆಚ್ಚುಕಮ್ಮಿ ಅಷ್ಟೇ ಡೇಟಾ. ಪೋಸ್ಟ್‌ಪೇಯ್ಡ್‌ಗೆ ವರ್ಷಕ್ಕೆ ಸುಮಾರು 1,800ರಿಂದ 2,600 ರೂಪಾಯಿವರೆಗೆ ಹೆಚ್ಚು. ಈ ಹೆಚ್ಚುವರಿ ಹಣಕ್ಕೆ ಸಿಗುವುದು ಏನು ಎಂಬುದೇ ನಿಜವಾದ ಪ್ರಶ್ನೆ.

ಮುಖ್ಯವಾಗಿ ಸಿಗುವುದು ಡೇಟಾದ ಸ್ವರೂಪದಲ್ಲಿನ ವ್ಯತ್ಯಾಸ. ಪ್ರಿಪೇಯ್ಡ್‌ನಲ್ಲಿ ದಿನದ ಕೋಟಾ ರಾತ್ರಿ 12ಕ್ಕೆ ಸತ್ತು ಹೋಗುತ್ತೆ. ವಾರದ ಐದು ದಿನ ಆಫೀಸ್, ರೂಮ್ ವೈಫೈಯಲ್ಲಿದ್ದು ವಾರಾಂತ್ಯಕ್ಕೆ ಬಸ್ಸಲ್ಲಿ ಕೂತು ಊರಿಗೆ ಹೋಗುವವನಿಗೆ ಸೋಮವಾರದ 1.5 ಜಿಬಿ ದಂಡ, ಶನಿವಾರದ 1.5 ಜಿಬಿ ಸಾಲದು. ಪೋಸ್ಟ್‌ಪೇಯ್ಡ್‌ನಲ್ಲಿ ತಿಂಗಳ ಡೇಟಾ ಒಂದೇ ಡ್ರಮ್‌ನಲ್ಲಿ ಇರುತ್ತೆ, ಯಾವತ್ತು ಬೇಕಾದ್ರೂ ತೋಡಿಕೊಳ್ಳಬಹುದು. ಉಳಿದದ್ದು ಹಲವು ಪ್ಲಾನ್‌ಗಳಲ್ಲಿ ಮುಂದಿನ ತಿಂಗಳಿಗೆ ಹೋಗುತ್ತೆ. ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟ್ ಹಾಕಿ ಕೆಲಸ ಮಾಡುವವರಿಗೆ ಇದು ನಿಜಕ್ಕೂ ಉಪಯೋಗ. ವಿದೇಶ ಪ್ರಯಾಣ ಜಾಸ್ತಿ ಇರುವವರಿಗೆ, ಕಂಪನಿಗೆ ಬಿಲ್ ತೋರಿಸಿ ಹಣ ವಾಪಸ್ ಪಡೆಯಬೇಕಾದವರಿಗೂ ಹೌದು. ಉಳಿದ ಒಟಿಟಿ ಗಿಟಿಟಿ ಎಲ್ಲ ನೀವು ಹೇಗಿದ್ದರೂ ದುಡ್ಡು ಕೊಟ್ಟು ನೋಡುವವರಾಗಿದ್ದರೆ ಮಾತ್ರ ಲಾಭ. ನೋಡದ ಒಟಿಟಿಯ ಬೆಲೆ ಸೊನ್ನೆ.

ಲೆಕ್ಕ ತಿರುಗುವುದು ಫ್ಯಾಮಿಲಿ ಪ್ಲಾನ್‌ನಲ್ಲಿ. ಅದೇ 2024ರ ಪಟ್ಟಿಯಲ್ಲಿ ನಾಲ್ಕು ಸಂಪರ್ಕಗಳ ಪ್ಲಾನ್ 1,199 ರೂ. ತೆರಿಗೆ ಸೇರಿ 1,414.82. ನಾಲ್ಕರಿಂದ ಭಾಗಿಸಿದರೆ ತಲೆಗೆ ತಿಂಗಳಿಗೆ ಸುಮಾರು 354, ವರ್ಷಕ್ಕೆ 4,244 ರೂ. ಅಂದರೆ 28 ದಿನಕ್ಕೊಮ್ಮೆ ರೀಚಾರ್ಜ್ ಮಾಡುವುದಕ್ಕಿಂತ ಅಗ್ಗ, 84 ದಿನದ ಪ್ಯಾಕ್‌ಗಿಂತ ದುಬಾರಿ. ನಾಲ್ಕು ಸಿಮ್‌ಗಳೂ ನಿಜವಾಗಿ ಬಳಕೆಯಲ್ಲಿದ್ದರೆ ಮಾತ್ರ ಈ ಮಾತು. ಊರಲ್ಲಿ ಅಮ್ಮ ಫೋನಲ್ಲಿ ಮಾತಾಡುವುದಕ್ಕೆ ಮಾತ್ರ ಬಳಸುತ್ತಾರೆ ಅಂದ್ರೆ ಅವರನ್ನು ಈ ಪ್ಲಾನಿಗೆ ಎಳೆಯುವ ಅಗತ್ಯವಿಲ್ಲ. ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ ಕಂಪನಿಗಳು ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ರಿಪೇಯ್ಡ್ ವೋಚರ್ ಇಡಲೇಬೇಕು, ಅದರ ಅವಧಿ 365 ದಿನಗಳವರೆಗೂ ಇರಬಹುದು. ಈ ಪ್ಯಾಕ್‌ಗಳ ಜಾಹೀರಾತು ನೀವು ನೋಡಿರಲ್ಲ, ಹುಡುಕಿದರೆ ಸಿಗುತ್ತೆ.

ಇಲ್ಲೊಂದು ಮಾತು ಹೇಳಬೇಕು. ಮೇಲಿನ ಮೂರು ಅಂಕಿಗಳನ್ನು ಮತ್ತೊಮ್ಮೆ ನೋಡಿ. ಒಂದೇ ಸಲ 859 ಕೊಡಬಲ್ಲವನಿಗೆ ವರ್ಷಕ್ಕೆ 3,785. ಪ್ರತಿ 28 ದಿನಕ್ಕೆ 349 ಹೊಂದಿಸುವವನಿಗೆ 4,537. ದಿನಗೂಲಿ ಮಾಡುವವನು, ಡೆಲಿವರಿ ಬೈಕ್ ಓಡಿಸುವ ಹುಡುಗ ಅದೇ ಸೇವೆಗೆ 750 ರೂಪಾಯಿ ಜಾಸ್ತಿ ಕೊಡ್ತಿದ್ದಾನೆ, ಕೈಯಲ್ಲಿ ಒಟ್ಟಿಗೆ ದುಡ್ಡಿಲ್ಲ ಅನ್ನೋ ಒಂದೇ ಕಾರಣಕ್ಕೆ. ಬಡವನಿಗೆ ಚಿಲ್ಲರೆ ದರ, ಸಂಬಳದವನಿಗೆ ಸಗಟು ದರ. ತಿಂಗಳು ಅಂದ್ರೆ 28 ದಿನ ಎಂಬ ಕಂಪನಿಗಳ ಪಂಚಾಂಗದ ವಿರುದ್ಧ ದೂರುಗಳು ಹೆಚ್ಚಾದ ಮೇಲೆ 2022ರ ಜನವರಿಯಲ್ಲಿ ಟ್ರಾಯ್, 30 ದಿನ ಅವಧಿಯ ಹಾಗೂ ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕ್‌ಗಳನ್ನು ಕನಿಷ್ಠ ಒಂದೊಂದಾದರೂ ಇಡಿ ಎಂದು ಆದೇಶಿಸಿತು. ಕಂಪನಿಗಳು ಕನಿಷ್ಠವನ್ನು ಪಾಲಿಸಿದವು. 28 ಎಲ್ಲಿಗೂ ಹೋಗಲಿಲ್ಲ.

ಮೊದಲ ಬಿಲ್ ಯಾಕೆ ಜಾಸ್ತಿ ಬರುತ್ತೆ

ಹೆಸರು ಪೋಸ್ಟ್‌ಪೇಯ್ಡ್, ಬಳಸಿದ ಮೇಲೆ ಕಟ್ಟುವುದು ಎಂದರ್ಥ. ಆದರೆ ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಬಿಲ್ ಮಾಡುವ ಪದ್ಧತಿ ಇದೆ. ಹಾಗಿದ್ದಲ್ಲಿ ನೀವು ಸೇರಿದ ದಿನದಿಂದ ಬಿಲ್ ಚಕ್ರ ಮುಗಿಯುವವರೆಗಿನ ಪಾಲು, ಅದರ ಮೇಲೆ ಮುಂದಿನ ಇಡೀ ತಿಂಗಳ ಬಾಡಿಗೆ, ಎರಡಕ್ಕೂ ತೆರಿಗೆ ಸೇರಿ ಮೊದಲ ಬಿಲ್ ಬರುತ್ತೆ. 449ರ ಪ್ಲಾನ್‌ಗೆ 900 ಬಂತು ಎಂದು ಗಾಬರಿಯಾಗುವವರದ್ದು ಬಹುಪಾಲು ಇದೇ ಕಥೆ. ಸೇರುವ ಮೊದಲೇ ಎರಡು ಪ್ರಶ್ನೆ ಕೇಳಿ: ನನ್ನ ಬಿಲ್ ತಾರೀಖು ಯಾವುದು, ಬಾಡಿಗೆ ಮುಂಗಡವೋ ನಂತರವೋ? ಫೋನ್ ಮಾಡಿದ ಏಜೆಂಟ್‌ಗೆ ಇದು ಗೊತ್ತಿರುವುದಿಲ್ಲ, ಆ್ಯಪ್‌ನ ಚಾಟ್‌ನಲ್ಲಿ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಬಿಲ್ಲಿನಲ್ಲಿ ನೋಡಬೇಕಾದ್ದು ಮೊತ್ತವನ್ನಲ್ಲ, ಸಾಲುಗಳನ್ನು. ತಿಂಗಳ ಬಾಡಿಗೆ, ನೀವು ಹಾಕಿಸಿಕೊಂಡ ಆ್ಯಡ್‌ಆನ್, ಪ್ಲಾನ್ ಮೀರಿದ ಬಳಕೆ, ತಡ ಶುಲ್ಕ, ಹಿಂದಿನ ಬಾಕಿ, ತೆರಿಗೆ. ಇದರಲ್ಲಿ ಕಿರಿಕ್ ಇರುವುದು ‘ಬಳಕೆ’ ಮತ್ತು ‘ಆ್ಯಡ್‌ಆನ್’ ಸಾಲುಗಳಲ್ಲಿ. ವಿದೇಶಿ ಕರೆ, ಟಿವಿ ಸ್ಪರ್ಧೆಗೆ ಕಳಿಸಿದ ಎಸ್‌ಎಂಎಸ್, ಕೋಟಾ ಮುಗಿದ ಮೇಲಿನ ಡೇಟಾ, ಎಲ್ಲ ಇಲ್ಲಿ ಬಂದು ಕೂರುತ್ತವೆ. ಪ್ರಿಪೇಯ್ಡ್‌ನಲ್ಲಿ ಕೋಟಾ ಮುಗಿದರೆ ನೆಟ್ ಆಮೆವೇಗಕ್ಕೆ ಇಳಿಯುತ್ತೆ, ಜೇಬಿಗೆ ಪೆಟ್ಟಿಲ್ಲ. ಪೋಸ್ಟ್‌ಪೇಯ್ಡ್‌ನಲ್ಲಿ ಕೆಲವು ಪ್ಲಾನ್‌ಗಳು ವೇಗ ಇಳಿಸುತ್ತವೆ, ಕೆಲವು ಎಂಬಿ ಲೆಕ್ಕದಲ್ಲಿ ಚಾರ್ಜ್ ಮಾಡುತ್ತಾ ಹೋಗುತ್ತವೆ. ‘ಎಂಬಿಗೆ ಎರಡೇ ಪೈಸೆ’ ಅಂದ್ರೆ ಏನೂ ಅಲ್ಲ ಅನಿಸುತ್ತೆ. ಒಂದು ಜಿಬಿಗೆ 1,024 ಎಂಬಿ, ಅಂದರೆ 20.48 ರೂ., ಮೇಲೆ ತೆರಿಗೆ. ರಾತ್ರಿ ಫೋನ್ ತಾನಾಗಿ 10 ಜಿಬಿಯ ಫೋಟೋ ಬ್ಯಾಕಪ್ ಮಾಡಿಕೊಂಡರೆ ಬೆಳಿಗ್ಗೆ 240 ರೂಪಾಯಿ ಏರಿರುತ್ತೆ.

ನೀವು ಕೇಳದ ಸೇವೆ ಬಿಲ್ಲಿನಲ್ಲಿ ಕಂಡರೆ ಸುಮ್ನೆ ಬಿಡಬೇಡಿ. ಕಾಲರ್ ಟ್ಯೂನ್, ಆಟ, ಜ್ಯೋತಿಷ್ಯ ಮುಂತಾದ ಮೌಲ್ಯವರ್ಧಿತ ಸೇವೆಗಳಿಗೆ ಗ್ರಾಹಕನ ಸ್ಪಷ್ಟ ಒಪ್ಪಿಗೆ, ಅದರ ಮೇಲೆ ಮತ್ತೊಂದು ದೃಢೀಕರಣ ಬೇಕು ಎಂಬುದು 2013ರಿಂದಲೇ ಟ್ರಾಯ್ ನಿಯಮ. ನಿಲ್ಲಿಸಲು 155223 ಎಂಬ ಸಾಮಾನ್ಯ ಸಂಖ್ಯೆ ಇದೆ.

ಮಿತಿ ಮತ್ತು 24,609 ರೂಪಾಯಿಯ ಬಿಲ್

ಪ್ರತಿ ಪೋಸ್ಟ್‌ಪೇಯ್ಡ್ ನಂಬರಿಗೂ ಒಂದು ಸಾಲದ ಮಿತಿ ಇರುತ್ತೆ. ಕ್ರೆಡಿಟ್ ಲಿಮಿಟ್. ನಿಮಗೆಷ್ಟು ಮಿತಿ ಅಂತ ಗೊತ್ತಾ? ಆ್ಯಪ್ ತೆರೆದು ನೋಡಿ. ಮಿತಿ ಎಷ್ಟೆಂದು ಗ್ರಾಹಕನಿಗೆ ತಿಳಿಸಬೇಕು, ಅದರ ಶೇ. 80 ತಲುಪಿದಾಗ ಎಚ್ಚರಿಸಬೇಕು ಎಂಬುದು ಟ್ರಾಯ್ ನಿರ್ದೇಶನ. ಈ ಮಿತಿ ಕಂಪನಿಯ ರಕ್ಷಣೆಗೆಂದು ಹುಟ್ಟಿದ್ದರೂ ಗ್ರಾಹಕನಿಗೂ ಅದೇ ಕೊನೆಯ ಬೇಲಿ. ‘ನಿಮ್ಮ ಮಿತಿಯನ್ನು ಉಚಿತವಾಗಿ ಹೆಚ್ಚಿಸಿದ್ದೇವೆ’ ಎಂಬ ಸಂದೇಶ ಬಂದರೆ ಖುಷಿ ಪಡುವಂಥದ್ದೇನೂ ಇಲ್ಲ, ಇಳಿಸಿ ಎಂದು ಕೇಳಿ.

ಬೇಲಿ ಇಲ್ಲದಿದ್ದರೆ ಏನಾಗುತ್ತೆ ಎಂಬುದಕ್ಕೆ ಸುಪ್ರೀಂ ಕೋರ್ಟ್‌ವರೆಗೆ ಹೋದ ಒಂದು ಪ್ರಕರಣವಿದೆ. ಅಹಮದಾಬಾದ್‌ನ ಒಬ್ಬ ಗ್ರಾಹಕರ ಬಳಿ ವೊಡಾಫೋನ್ ಪೋಸ್ಟ್‌ಪೇಯ್ಡ್ ಸಂಪರ್ಕ ಇತ್ತು. ತಿಂಗಳ ಬಾಡಿಗೆ 249 ರೂ., ಸರಾಸರಿ ಬಿಲ್ 555 ರೂ. ಬರುತ್ತಿತ್ತು ಎಂಬುದು ಅವರ ದೂರು. 2013ರ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಬಿಲ್ ಬಂದದ್ದು 24,609.51 ರೂ. ಕ್ರೆಡಿಟ್ ಕಾರ್ಡಿನಿಂದ ತಾನಾಗಿ ಪಾವತಿಯಾಗುವ ವ್ಯವಸ್ಥೆಯೂ ಇತ್ತು. ಅವರು 2014ರಲ್ಲಿ ಜಿಲ್ಲಾ ಗ್ರಾಹಕ ವೇದಿಕೆಗೆ ಹೋದರು. ಕಂಪನಿ ಏನು ವಾದಿಸಿತು ಗೊತ್ತೇ? ಬಿಲ್ ಸರಿಯೋ ತಪ್ಪೋ ಅನ್ನುವುದಕ್ಕೂ ಮೊದಲು, ಗ್ರಾಹಕ ವೇದಿಕೆಗೆ ಈ ದೂರು ಕೇಳುವ ಅಧಿಕಾರವೇ ಇಲ್ಲ ಎಂದಿತು. 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಸೆಕ್ಷನ್ ಪ್ರಕಾರ ಇಂಥ ವಿವಾದ ಮಧ್ಯಸ್ಥಿಕೆಗೆ ಹೋಗಬೇಕು ಎಂಬುದು ವಾದ. 2009ರಲ್ಲಿ ಸುಪ್ರೀಂ ಕೋರ್ಟೇ ಅಂಥದ್ದೊಂದು ತೀರ್ಪು ಕೊಟ್ಟಿದ್ದರಿಂದ ವಾದಕ್ಕೆ ಬಲವೂ ಇತ್ತು. 2022ರ ಫೆಬ್ರವರಿ 16ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಸೂರ್ಯಕಾಂತ್ ಮತ್ತು ವಿಕ್ರಮ್ ನಾಥ್ ಅವರ ಪೀಠ, ಗ್ರಾಹಕ ವೇದಿಕೆಗೆ ಅಧಿಕಾರ ಇದೆ ಎಂದು ಸ್ಪಷ್ಟಪಡಿಸಿತು. ಒಂದು ತಿಂಗಳ ಮೊಬೈಲ್ ಬಿಲ್ಲಿನ ಬಗ್ಗೆ ದೂರು ಎಲ್ಲಿ ಕೊಡಬಹುದು ಎಂಬುದು ತೀರ್ಮಾನವಾಗಲು ಎಂಟು ವರ್ಷ ಹಿಡಿಯಿತು. ಆದರೆ ಆ ಮನುಷ್ಯ ಬಿಟ್ಟುಕೊಡದೇ ಇದ್ದುದರಿಂದ ಇವತ್ತು ಬೀದರ್‌ನ ಗ್ರಾಹಕನೂ ಚಾಮರಾಜನಗರದ ಗ್ರಾಹಕಿಯೂ ತಮ್ಮ ಜಿಲ್ಲೆಯಲ್ಲೇ ಕೇಸು ಹಾಕಬಹುದು.

ಆಟೋಪೇ ಬಗ್ಗೆ ಇದರಿಂದ ಕಲಿಯಬೇಕಾದ್ದಿದೆ. ರಿಸರ್ವ್ ಬ್ಯಾಂಕ್‌ನ ಈಗಿನ ನಿಯಮದಲ್ಲಿ 15,000 ರೂಪಾಯಿವರೆಗಿನ ಇಂಥ ಆವರ್ತ ಪಾವತಿಗೆ ಪ್ರತಿ ಸಲ ಒಟಿಪಿ ಬೇಕಿಲ್ಲ, ಆದರೆ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. ಆಟೋಪೇ ಹಾಕುವಾಗಲೇ ಗರಿಷ್ಠ ಮೊತ್ತ ನಮೂದಿಸುವ ಅವಕಾಶ ಇರುತ್ತೆ. 530ರ ಬಿಲ್ಲಿಗೆ 15,000ದ ಅನುಮತಿ ಯಾಕೆ? 800 ಸಾಕು. ಅದಕ್ಕಿಂತ ಜಾಸ್ತಿ ಬಂದರೆ ಪಾವತಿ ನಿಲ್ಲಲಿ, ನೀವು ಬಿಲ್ ನೋಡಿ ಕಟ್ಟಿ.

ಅಂತರರಾಷ್ಟ್ರೀಯ ರೋಮಿಂಗ್ ಇನ್ನೊಂದು ಗುಂಡಿ. ಗಲ್ಫ್‌ಗೋ ಸಿಂಗಪುರಕ್ಕೋ ಹೋಗುವವರು ಹೊರಡುವ ಮುನ್ನವೇ ಪ್ಯಾಕ್ ಹಾಕಿಸಬೇಕು, ಇಲ್ಲವೇ ಡೇಟಾ ರೋಮಿಂಗ್ ಸ್ವಿಚ್ ಆಫ್ ಮಾಡಬೇಕು. ಪ್ಯಾಕ್ ಇದ್ದರೂ ವಿಮಾನ ಮತ್ತು ಹಡಗಿನೊಳಗಿನ ನೆಟ್‌ವರ್ಕ್‌ಗಳು ಹೆಚ್ಚಾಗಿ ಅದರೊಳಗೆ ಬರಲ್ಲ.

ಕಂಪನಿ ಕೊಟ್ಟ ಸಿಮ್

ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಆಫೀಸಿನಿಂದ ಪೋಸ್ಟ್‌ಪೇಯ್ಡ್ ಸಿಮ್ ಕೊಡ್ತಾರೆ. ಬಿಲ್ ಇಲ್ಲ, ಆರಾಮ. ನಿಧಾನಕ್ಕೆ ಆಧಾರ್, ಬ್ಯಾಂಕ್, ಯುಪಿಐ, ಪಿಎಫ್ ಎಲ್ಲವೂ ಆ ನಂಬರಿಗೆ ಜೋಡಣೆಯಾಗುತ್ತೆ. ಮೂರು ವರ್ಷದ ನಂತರ ಲೇಆಫ್ ಆದ ದಿನ ಗೊತ್ತಾಗುತ್ತೆ: ನಂಬರಿನ ಮಾಲೀಕ ನೀವಲ್ಲ, ಕಂಪನಿ.

ಕಾರ್ಪೊರೇಟ್ ಸಂಪರ್ಕಗಳಲ್ಲಿ ಬಗೆಗಳಿವೆ. ಕಂಪನಿ ಹೆಸರಲ್ಲಿದ್ದು ಕಂಪನಿಯೇ ಬಿಲ್ ಕಟ್ಟುವುದು ಒಂದು. ನಿಮ್ಮ ಹೆಸರಲ್ಲೇ ಇದ್ದು ಕಂಪನಿಯ ರಿಯಾಯಿತಿ ದರ ಮಾತ್ರ ಸಿಗುವುದು ಇನ್ನೊಂದು. ಎರಡನೆಯದಾದರೆ ತೊಂದರೆ ಇಲ್ಲ. ಮೊದಲನೆಯದಾದರೆ ಪೋರ್ಟ್ ಮಾಡಲೂ ಹೆಸರು ಬದಲಿಸಲೂ ಕಂಪನಿಯ ಅಧಿಕೃತ ಪತ್ರ ಬೇಕು. ಎಚ್‌ಆರ್ ಜೊತೆ ಜಗಳ ಮಾಡಿಕೊಂಡು ಹೊರಬಂದವರಿಗೆ ಆ ಪತ್ರ ಎಷ್ಟು ಸುಲಭಕ್ಕೆ ಸಿಗುತ್ತೆ ಅಂತ ನಾನು ಹೇಳಬೇಕಿಲ್ಲ. ರಾಜೀನಾಮೆ ಕೊಡುವ ಮೊದಲೇ, ನೋಟಿಸ್ ಅವಧಿಯ ಮೊದಲ ವಾರದಲ್ಲೇ ಈ ಪತ್ರ ಕೇಳಿ. ಅದಕ್ಕಿಂತ ಉತ್ತಮ, ಕಂಪನಿ ಸಿಮ್‌ಗೆ ಬ್ಯಾಂಕ್ ಮತ್ತು ಆಧಾರ್ ಜೋಡಿಸಲೇಬೇಡಿ. ರದ್ದಾದ ನಂಬರನ್ನು ಕನಿಷ್ಠ 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಒಟಿಪಿ ಹೋಗುವುದು ಯಾರದ್ದೋ ಫೋನಿಗೆ.

ಬಿಟ್ಟು ಹೋಗುವುದು ಹೇಗೆ

ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು ದೇಶದಾದ್ಯಂತ ಬಂದದ್ದು 2011ರ ಜನವರಿ 20ರಂದು. ಬೇರೆ ರಾಜ್ಯಕ್ಕೆ ಹೋದರೂ ನಂಬರ್ ಒಯ್ಯುವ ಅವಕಾಶ 2015ರ ಜುಲೈನಲ್ಲಿ ಬಂತು. 2019ರ ಡಿಸೆಂಬರ್ 16ರಿಂದ ಜಾರಿಯಲ್ಲಿರುವ ವಿಧಾನ ಹೀಗೆ: ಇಂಗ್ಲಿಷ್‌ನಲ್ಲಿ ಪೋರ್ಟ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ನಿಮ್ಮ ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿ. ಅರ್ಹರಾಗಿದ್ದರೆ ಒಂದು ಕೋಡ್ ಬರುತ್ತೆ, ನಮ್ಮ ಸರ್ಕಲ್‌ನಲ್ಲಿ ಅದಕ್ಕೆ ನಾಲ್ಕು ದಿನ ಆಯುಷ್ಯ. ಅಷ್ಟರೊಳಗೆ ಹೊಸ ಕಂಪನಿಗೆ ಅರ್ಜಿ ಕೊಟ್ಟರೆ ರಾಜ್ಯದೊಳಗಾದರೆ ಮೂರು, ಬೇರೆ ಸರ್ಕಲ್‌ಗಾದರೆ ಐದು ಕೆಲಸದ ದಿನಗಳಲ್ಲಿ ಬದಲಾಗಬೇಕು.

ಪೋಸ್ಟ್‌ಪೇಯ್ಡ್‌ನವರಿಗೆ ಮುಖ್ಯ ತಡೆ ಬಾಕಿ. ಕಳಿಸಿದ ಬಿಲ್‌ನ ಕೊನೆ ದಿನಾಂಕ ದಾಟಿದ್ದು ಹಣ ಕಟ್ಟಿಲ್ಲವಾದರೆ ಕೋಡ್ ಬರುವುದಿಲ್ಲ. ಇನ್ನೂ ಬಿಲ್ ಆಗದ ಬಳಕೆ ಇದೆ ಎಂಬ ಕಾರಣಕ್ಕೆ ತಡೆಯುವ ಹಾಗಿಲ್ಲ. ಈಗಿನ ಕಂಪನಿಗೆ ಸೇರಿ 90 ದಿನ ಆಗಿರಬೇಕು. ಮಾಲೀಕತ್ವ ಬದಲಾವಣೆ ನಡೀತಿದ್ದರೆ, ನಂಬರ್ ಕೋರ್ಟ್ ಕೇಸಿನಲ್ಲಿದ್ದರೆ ಆಗಲ್ಲ. ವಂಚನೆ ತಡೆಯಲೆಂದು 2024ರ ಜುಲೈ 1ರಿಂದ ಇನ್ನೊಂದು ಷರತ್ತು ಸೇರಿದೆ: ಸಿಮ್ ಬದಲಿಸಿ ಏಳು ದಿನ ಆಗಿರಬೇಕು.

ಪೋರ್ಟ್ ಆಯ್ತು ಅಂದ ಮಾತ್ರಕ್ಕೆ ಹಳೆಯ ಸಂಬಂಧ ಮುಗಿಯಲ್ಲ. ಕೊನೆಯ ಬಿಲ್‌ನಿಂದ ಪೋರ್ಟ್ ಆದ ದಿನದವರೆಗಿನ ಬಾಕಿಗೆ ಒಂದು ಅಂತಿಮ ಬಿಲ್ ಬರುತ್ತೆ. ನನ್ನ ವಿಷಯದಲ್ಲಿ ಆ ಕಂಪನಿ ಅದನ್ನು ಕಳಿಸಿದ್ದು, ನಾನು ಲಿಖಿತವಾಗಿ ಬದಲಿಸಲು ಕೇಳಿದ್ದ ಹಳೆಯ ಆಫೀಸ್ ಇಮೇಲ್‌ಗೇ. ಐದು ತಿಂಗಳ ನಂತರ ವಸೂಲಿ ಏಜೆನ್ಸಿಯ ಕರೆ. ‘ಸರ್, 212 ರೂಪಾಯಿ ಔಟ್‌ಸ್ಟ್ಯಾಂಡಿಂಗ್ ಇದೆ, ಲೀಗಲ್ ಆಕ್ಷನ್ ಆಗುತ್ತೆ.’ ‘ಬಿಲ್ ಎಲ್ಲಿದೆ ಕಳಿಸಮ್ಮ, ಈಗ್ಲೇ ಕಟ್ತೀನಿ’ ಅಂದೆ. ‘ನಮ್ ಹತ್ರ ಬಿಲ್ ಇರಲ್ಲ ಸರ್, ಅಮೌಂಟ್ ಮಾತ್ರ ಇರುತ್ತೆ.’ ಪಾಪ ಆ ಹುಡುಗಿಯದ್ದೇನೂ ತಪ್ಪಿಲ್ಲ, ಅವಳ ಮುಂದಿನ ಸ್ಕ್ರೀನ್‌ನಲ್ಲಿ ಇದ್ದದ್ದೇ ಅಷ್ಟು. ಬಿಲ್ ಇಲ್ಲದೆ ಹಣ ಕಟ್ಟಲ್ಲ ಎಂದು ದೂರು ದಾಖಲಿಸಿದ ಮೇಲೆ ಹನ್ನೊಂದನೇ ದಿನಕ್ಕೆ ಬಿಲ್ ಬಂತು, ಅದರಲ್ಲಿ 100 ರೂಪಾಯಿ ತಡ ಶುಲ್ಕ ಇತ್ತು. ಅದನ್ನು ತೆಗೆಸಿ ಉಳಿದದ್ದು ಕಟ್ಟಿದೆ.

ಇಷ್ಟು ಸಣ್ಣ ಮೊತ್ತಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂದ್ರೆ, ಎರಡು ಕಾರಣ. ಒಂದು, ಹಳೆಯ ಬಾಕಿ ಕಟ್ಟದಿದ್ದರೆ ಹಳೆ ಕಂಪನಿಯ ಕೋರಿಕೆಯ ಮೇರೆಗೆ ಹೊಸ ಕಂಪನಿ ನಿಮ್ಮ ನಂಬರನ್ನು ಕಡಿತ ಮಾಡುವ ವ್ಯವಸ್ಥೆ ಪೋರ್ಟಿಂಗ್ ನಿಯಮದಲ್ಲೇ ಇದೆ. ಎರಡು, ಟೆಲಿಕಾಂ ಬಾಕಿ ಸಿಬಿಲ್‌ನಂಥ ಸಂಸ್ಥೆಗಳ ವರದಿಯಲ್ಲಿ ಒಂದು ಖಾತೆಯಾಗಿ ಕಾಣಿಸಿಕೊಳ್ಳಬಹುದು. ನಾಳೆ ಮನೆಸಾಲಕ್ಕೋ ಬೈಕ್ ಸಾಲಕ್ಕೋ ಹೋದಾಗ ಬ್ಯಾಂಕಿನವರು ಅದನ್ನು ತೋರಿಸಬಹುದು. ಹಾಗಾಗಿ ಪೋರ್ಟ್ ಮಾಡುವ ಮುನ್ನ ಬಿಲ್ ಹೋಗುವ ಇಮೇಲ್ ಬದಲಿಸಿ, ಪೋರ್ಟ್ ಆದ ತಿಂಗಳೊಳಗೆ ಅಂತಿಮ ಬಿಲ್ ನೀವೇ ಕೇಳಿ ಪಡೆಯಿರಿ, ‘ಬಾಕಿ ಇಲ್ಲ’ ಎಂಬ ಇಮೇಲ್ ಬರೆಸಿಕೊಳ್ಳಿ. ಠೇವಣಿ ಇಟ್ಟಿದ್ದರೆ ವಾಪಸ್ ಕೇಳಿ.

ಅದೇ ಕಂಪನಿಯಲ್ಲಿದ್ದು ಪ್ರಿಪೇಯ್ಡ್‌ಗೆ ಮರಳುವುದು ಈಗ ಸುಲಭ. 2021ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಮತ್ತೆ ದಾಖಲೆ ಕೊಡದೆ ಒಟಿಪಿಯಲ್ಲೇ ಬದಲಾಗುವ ಅವಕಾಶ ಕೊಟ್ಟಿತು. ಆದರೆ ಒಮ್ಮೆ ಬದಲಾದರೆ 90 ದಿನ ಕಾಯಬೇಕಿತ್ತು. 2025ರ ಜೂನ್‌ನಲ್ಲಿ ಮೊದಲ ಸಲ ಮರಳುವವರಿಗೆ ಅದನ್ನು 30 ದಿನಕ್ಕೆ ಇಳಿಸಲಾಗಿದೆ, ನಂತರದ ಬದಲಾವಣೆಗಳಿಗೆ 90 ದಿನವೇ. ಅಂದರೆ ಪೋಸ್ಟ್‌ಪೇಯ್ಡ್ ಒಂದು ತಿಂಗಳು ಬಳಸಿ ನೋಡಿ ಸರಿಹೋಗದಿದ್ದರೆ ವಾಪಸ್ ಬರಬಹುದು. ಕರೆ ಮಾಡುವ ಏಜೆಂಟರು ಇದನ್ನು ಹೇಳುವುದಿಲ್ಲ.

ದುಡ್ಡಿದ್ದವರಿಗೆ ವೇಗ?

ಈ ಓದುಗರಿಗೆ ಬಿಲ್ಲಿಗಿಂತ ಹೆಚ್ಚು ಕುತೂಹಲ ಇರಬೇಕಾದ ವಿಷಯ ಇದು. 2016ರ ಫೆಬ್ರವರಿಯಲ್ಲಿ ಟ್ರಾಯ್ ತಾರತಮ್ಯದ ಡೇಟಾ ದರಗಳನ್ನು ನಿಷೇಧಿಸಿತು, ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಜಾಗ ಖಾಲಿ ಮಾಡಿದ್ದು ಆಗ. ನಾಲ್ಕು ವರ್ಷದ ನಂತರ ಬೇರೆ ಬಾಗಿಲಿಂದ ಅದೇ ಪ್ರಶ್ನೆ ಬಂತು. ಏರ್‌ಟೆಲ್‌ನ ಪ್ಲಾಟಿನಂ ಮತ್ತು ವೊಡಾಫೋನ್ ಐಡಿಯಾದ ರೆಡ್‌ಎಕ್ಸ್ ಪೋಸ್ಟ್‌ಪೇಯ್ಡ್ ಪ್ಲಾನ್‌ಗಳು, ಹೆಚ್ಚು ಹಣ ಕೊಡುವವರಿಗೆ 4ಜಿಯಲ್ಲಿ ಆದ್ಯತೆ ಎಂದು ಪ್ರಚಾರ ಮಾಡಿದವು. 2020ರ ಜುಲೈನಲ್ಲಿ ಟ್ರಾಯ್ ತಡೆಯೊಡ್ಡಿತು. ವೊಡಾಫೋನ್ ಐಡಿಯಾ ಟೆಲಿಕಾಂ ನ್ಯಾಯಮಂಡಳಿಯಿಂದ ಮಧ್ಯಂತರ ಪರಿಹಾರ ಪಡೆಯಿತು. ಆಗಸ್ಟ್‌ನಲ್ಲಿ ಟ್ರಾಯ್, ಪ್ಲಾನಿನ ಪ್ರಚಾರ ಪಾರದರ್ಶಕವಾಗಿಲ್ಲ, ದಾರಿ ತಪ್ಪಿಸುವಂತಿದೆ ಎಂದು ಶೋಕಾಸ್ ನೋಟಿಸ್ ಕೊಟ್ಟಿತು.

ತಾಂತ್ರಿಕವಾಗಿ ಇದು ಹೀಗೆ: ಒಂದು ಟವರ್‌ನ ತರಂಗಾಂತರ ಒಂದು ಟ್ಯಾಂಕಿನ ನೀರಿದ್ದ ಹಾಗೆ. ಜನಸಂದಣಿ ಇಲ್ಲದಾಗ ಎಲ್ಲರಿಗೂ ಸಾಕಾಗುತ್ತೆ. ಸಂಜೆ ಏಳಕ್ಕೆ ಮೆಜೆಸ್ಟಿಕ್‌ನಲ್ಲಿ ನಿಂತವರೆಲ್ಲ ಒಟ್ಟಿಗೆ ನಲ್ಲಿ ತಿರುಗಿಸಿದಾಗ, ಒಬ್ಬನಿಗೆ ಮೊದಲು ಬಿಡಬೇಕೆಂದರೆ ಇನ್ನೊಬ್ಬನಿಗೆ ಸ್ವಲ್ಪ ಕಡಿಮೆ ಬಿಡಲೇಬೇಕು. ಆ ಇನ್ನೊಬ್ಬ ಯಾರು? 349ರ ಪ್ಯಾಕ್ ಹಾಕಿಸಿ ಮುಂದಿನ ಆರ್ಡರ್‌ಗೆ ಕಾಯುತ್ತಿರುವ ಡೆಲಿವರಿ ಹುಡುಗ. ಬ್ಯಾಂಕಿಂದ ಬರಬೇಕಾದ ಒಟಿಪಿಗೆ ಕಾಯುತ್ತಿರುವ ಗೃಹಲಕ್ಷ್ಮಿ ಫಲಾನುಭವಿ. 5ಜಿಯಲ್ಲಿ ನೆಟ್‌ವರ್ಕನ್ನು ಹೋಳು ಹೋಳಾಗಿ ಭಾಗಿಸಿ ಬೇರೆ ಬೇರೆ ಗುಣಮಟ್ಟ ಕೊಡುವುದು ತಾಂತ್ರಿಕವಾಗಿ ಇನ್ನೂ ಸುಲಭ. ಹಾಗಾಗಿ ‘ಆದ್ಯತೆ’, ‘ಪ್ರೀಮಿಯಂ ನೆಟ್‌ವರ್ಕ್’ ಎಂಬ ಪದಗಳು ಪೋಸ್ಟ್‌ಪೇಯ್ಡ್ ಜಾಹೀರಾತಿನಲ್ಲಿ ಕಂಡಾಗಲೆಲ್ಲ ಟ್ರಾಯ್‌ಗೆ ಪ್ರಶ್ನೆ ಹೋಗಬೇಕು.

ಪೋಸ್ಟ್‌ಪೇಯ್ಡ್‌ನವರಿಗೆ ನಿಯಮದಲ್ಲೇ ಇರುವ ಒಂದು ಅನುಕೂಲವನ್ನೂ ಹೇಳಬೇಕು. ಪ್ಲಾನ್‌ಗೆ ಸೇರಿದ ದಿನದಿಂದ ಆರು ತಿಂಗಳು ಅದರ ದರವನ್ನು ನಿಮಗೆ ಏರಿಸುವಂತಿಲ್ಲ. ಇಳಿಸಬಹುದು. ನೀವು ಯಾವಾಗ ಬೇಕಾದರೂ ಬೇರೆ ಪ್ಲಾನ್‌ಗೆ ಹೋಗಬಹುದು. ವಿವರವಾದ ಬಿಲ್ ಕೂಡ ಪ್ರತಿ ತಿಂಗಳು ಕೈಯಲ್ಲಿರುತ್ತೆ. ಪ್ರಿಪೇಯ್ಡ್‌ನವರೂ ತಮ್ಮ ಬಳಕೆಯ ವಿವರಪಟ್ಟಿ ಕೇಳಬಹುದು, ಅದಕ್ಕೆ ಗರಿಷ್ಠ 50 ರೂ. ಶುಲ್ಕ. ಕೇಳಿದವರನ್ನು ನಾನಿನ್ನೂ ನೋಡಿಲ್ಲ.

ದೂರು ಕೊಡುವ ದಾರಿ

ಬಹಳ ಜನ ಮಾಡುವುದು ಎಕ್ಸ್‌ನಲ್ಲಿ ಕಂಪನಿಯನ್ನು ಟ್ಯಾಗ್ ಮಾಡಿ ಬೈಯುವುದು. ಕೆಲವೊಮ್ಮೆ ಕೆಲಸ ಆಗುತ್ತೆ, ಆದರೆ ಕಾನೂನಿನ ಕಣ್ಣಿಗೆ ಅದು ದೂರಲ್ಲ. 198ಕ್ಕೆ ಕರೆ ಮಾಡಿ, ಅದು ಉಚಿತ. ಕನ್ನಡ ಆರಿಸಿಕೊಳ್ಳಿ. ಕನ್ನಡದ ಸಾಲು ಕಡಿಮೆ ಬಳಕೆಯಾಗುತ್ತೆ ಎಂಬ ನೆಪದಲ್ಲಿ ಅದನ್ನು ತೆಳುವಾಗಿಸುವ ಅವಕಾಶ ಕೊಡಬಾರದು. ಡಾಕೆಟ್ ನಂಬರ್ ಪಡೆಯದೆ ಫೋನ್ ಇಡಬೇಡಿ. ‘ಎಸ್ಕಲೇಟ್ ಮಾಡ್ತೀವಿ ಸರ್’ ಅನ್ನುವುದು ಡಾಕೆಟ್ ನಂಬರ್ ಅಲ್ಲ.

ಪರಿಹಾರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಶುಲ್ಕ ಇಲ್ಲ. ಇಮೇಲ್ ಸಾಕು. ಮೇಲ್ಮನವಿಯನ್ನು ನೋಡುವ ಸಲಹಾ ಸಮಿತಿಯಲ್ಲಿ ಗ್ರಾಹಕ ಸಂಘಟನೆಯ ಒಬ್ಬ ಪ್ರತಿನಿಧಿ ಇರಬೇಕು, 39 ದಿನದೊಳಗೆ ತೀರ್ಮಾನ ಆಗಬೇಕು. ಕಾಲ್ ಸೆಂಟರ್‌ನಲ್ಲಿ ವಾರಗಟ್ಟಲೆ ಸುತ್ತಿಸಿದ ವಿಷಯ ಇಲ್ಲಿ ಎರಡು ಇಮೇಲ್‌ನಲ್ಲಿ ಮುಗಿಯುವುದುಂಟು. ಅವರಿಗೂ ಗೊತ್ತು, ಇಲ್ಲಿಗೆ ಬಂದವನು ಮುಂದಕ್ಕೂ ಹೋಗ್ತಾನೆ ಅಂತ.

ಟ್ರಾಯ್‌ಗೆ ವೈಯಕ್ತಿಕ ದೂರು ಬರೆದು ಕಾಯಬೇಡಿ, ಅದು ಒಬ್ಬೊಬ್ಬರ ದೂರು ಬಗೆಹರಿಸುವ ಸಂಸ್ಥೆಯಲ್ಲ. ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗಕ್ಕೆ ಕೇಂದ್ರದ ಪೋರ್ಟಲ್ ಮೂಲಕ ಬರೆಯಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಇವು ಯಾವುದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ‘ಸೇವೆ’ಯ ವ್ಯಾಖ್ಯೆಯಲ್ಲೇ ಟೆಲಿಕಾಂ ಎಂಬ ಪದ ಇದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಮೂಲಕವೇ ದಾಖಲಿಸಬಹುದು. ಬಿಲ್‌ಗಳು, ಡಾಕೆಟ್ ನಂಬರ್, ಮೇಲ್ಮನವಿಯ ಉತ್ತರ, ಚಾಟ್‌ನ ಸ್ಕ್ರೀನ್‌ಶಾಟ್ ಇವಿಷ್ಟನ್ನು ತಾರೀಖಿನ ಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿ ಇಟ್ಟುಕೊಂಡಿದ್ದರೆ ಅರ್ಧ ಕೆಲಸ ಮುಗಿದಿರುತ್ತೆ.